ಪಕ್ಕೆಲುಬಿನ ಮಾಂಸಕ್ಕೆ ಎಷ್ಟು ಶಾಖ ಬೇಕು?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ನೆಲೆಸಿರುವ ಕೊಡಗಿನವರ ಮನೆಗಳಲ್ಲಿ ಪಂದಿಕರಿ ಬೇಯುವಾಗ ಪಕ್ಕೆಲುಬಿನ ತುಂಡುಗಳು ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಉರಿಯನ್ನು ಹೆಚ್ಚಿಸಿದರೆ ಬೇಗ ಬೆಂದೀತೆಂದು ನಾವು ಭಾವಿಸುವುದುಂಟು. ಇದು ಸರಿಯೆ?

ಹಂದಿಮಾಂಸದಲ್ಲಿರಬಹುದಾದ ಲಾಡಿಹುಳುವಿನ ಮರಿಗಳೂ ರೋಗಾಣುಗಳೂ ಅಳಿಯಲು ತುಂಡಿನ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ಆದರೆ ಆಗಿನ್ನೂ ಅದು ಜಗಿಯಲಾರದಷ್ಟು ಗಡುಸು. ಉಸಿರಾಟದಲ್ಲಿ ಸದಾ ದುಡಿಯುವ ಪಕ್ಕೆಯ ಸ್ನಾಯುಗಳನ್ನು ಕೊಲ್ಲಾಜೆನ್ ಎಂಬ ನಾರು ಬಿಗಿದಿರುತ್ತದೆ. ಅದು ಕರಗಿ ಜೆಲಟಿನ್ ಆಗಲು 85ರಿಂದ 95 ಡಿಗ್ರಿಯ ಶಾಖವೂ ಒಂದೆರಡು ಗಂಟೆಗಳ ಕಾಲವೂ ಬೇಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುಭಾರ ಕಡಿಮೆಯಾದುದರಿಂದ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟು ಉರಿ ಹಾಕಿದರೂ ಸಾರಿನ ಶಾಖ ಹೆಚ್ಚೇನೂ ಏರದು. ನೀರು ಬತ್ತುವುದು, ಗ್ಯಾಸು ವ್ಯರ್ಥವಾಗುವುದು. ಪ್ರೆಶರ್ ಕುಕ್ಕರಿನಲ್ಲಿ ಆವಿಯನ್ನು ತಡೆಹಿಡಿದಾಗ ಶಾಖ 118 ಡಿಗ್ರಿಯ ಆಸುಪಾಸಿಗೇರಿ, ಕೆಲಸ ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಎಮ್ಮೆಯ ಪಕ್ಕೆಲುಬಿಗೂ ಇದೇ ನಿಯಮ. ನಾರು ಹೆಚ್ಚಾದುದರಿಂದ ಕಾಲವೂ ಹೆಚ್ಚು. ಕುಕ್ಕರಿಲ್ಲದವರು ಕುದಿ ಬಂದೊಡನೆ ಉರಿ ತಗ್ಗಿಸಿ, ಮುಚ್ಚಳವಿಟ್ಟು ಕಾಯಬೇಕು. ಮಾಂಸವು ತಾನಾಗಿಯೇ ಎಲುಬನ್ನು ಬಿಟ್ಟಾಗ ಅಡುಗೆ ಮುಗಿಯಿತೆಂದು ತಿಳಿಯಬಹುದು.