ಹೂ ನೋಡಾಕ ಅಷ್ಟ ದೂರ ಹೋಗಿದ್ದೇನವ್ವಾ?

ನಮ್ಮೂರು ಹಾರೂಗೇರಿ. ಸುತ್ತ ಎತ್ತ ನೋಡಿದರೂ ಕಬ್ಬು. ಕಬ್ಬಿಗೆ ಹೂ ಬಂತೆಂದರೆ ಅಪ್ಪನ ಮುಖ ಸಣ್ಣದಾಗುತ್ತದೆ. ಸೂಲಂಗಿ ಬಿಟ್ಟ ಕಬ್ಬು ಬೆಳೆಯುವುದನ್ನು ನಿಲ್ಲಿಸುತ್ತದೆ, ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಹೀಗಾಗಿ ನಮ್ಮ ತೋಟದ ಮನೆಯಲ್ಲಿ ಹೂ ಅಂದರೆ ಒಂದೋ ದೇವರಿಗೆ, ಇಲ್ಲವೇ ನಷ್ಟಕ್ಕೆ. ಹೂ ನೋಡಲೆಂದೇ ಯಾರಾದರೂ ಮನೆಬಿಟ್ಟು ಹೋಗುತ್ತಾರೆ ಎಂಬುದು ನನಗೆ ಗೊತ್ತಾದದ್ದು ಬೆಂಗಳೂರಿಗೆ ಬಂದ ಮೇಲೆ.

2021ರ ಜನವರಿಯಲ್ಲಿ ಕುಡಚಿಯಲ್ಲಿ ರೈಲು ಹತ್ತಿ ಬಂದವಳು ನಾನು. ಬಿ.ಕಾಂ. ಮುಗಿದಿತ್ತು. ಕೊರೊನಾದಿಂದಾಗಿ ಕೊನೆಯ ಸೆಮಿಸ್ಟರ್ ಪರೀಕ್ಷೆ ತಡವಾಗಿ, ಅಂಕಪಟ್ಟಿ ಕೈಗೆ ಬರುವಷ್ಟರಲ್ಲಿ ಕೆಲಸ ಕೊಡುವವರು ಕಡಿಮೆಯಾಗಿದ್ದರು. ದೊಡ್ಡನೆಕ್ಕುಂದಿಯ ಒಂದು ಪಿ.ಜಿ.ಯಲ್ಲಿ ಉಳಿದೆ. ಎರಡು ತಿಂಗಳಲ್ಲಿ ಆರು ಸಂದರ್ಶನ. ಲೆಕ್ಕ ಕೇಳಿದರೆ ಉತ್ತರ ಬರುತ್ತಿತ್ತು. ‘ನಿಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿ’ ಅಂದಾಗ ನಾಲಿಗೆ ಒಣಗುತ್ತಿತ್ತು. ಆರನೆಯದರಲ್ಲಿ ಕೊನೆಯ ಸುತ್ತಿನವರೆಗೂ ಹೋಗಿ, ಮಾರ್ಚ್ ಮೊದಲ ಶುಕ್ರವಾರ ‘ಮುಂದೆ ತಿಳಿಸುತ್ತೇವೆ’ ಎಂಬ ಮಾತು ಕೇಳಿಕೊಂಡು ಹೊರಬಂದೆ. ಆ ಮಾತಿನ ಅರ್ಥ ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

ಶನಿವಾರ ರಾತ್ರಿ ಅಪ್ಪನ ಫೋನು. ‘ಯುಗಾದಿಗಿ ಬಂದ ಬಿಡ ಯವ್ವಾ. ಒಂದ ಚೊಲೋ ಮನಿತನ ಬಂದೈತಿ. ನೋಡಕೊಂಡ ಹೋಗ್ತೀವಿ ಅಂದಾರ.’ ಸಿಟ್ಟಿನ ಮಾತಲ್ಲ ಅದು. ಕೈಯಲ್ಲಿದ್ದ ದುಡ್ಡು ಮುಗಿಯುತ್ತ ಬಂದದ್ದು ಅಪ್ಪನಿಗೂ ಗೊತ್ತಿತ್ತು, ಕಬ್ಬಿನ ಬಿಲ್ಲು ಬಾಕಿ ಇದ್ದದ್ದು ನನಗೂ ಗೊತ್ತಿತ್ತು. ‘ಹೂಂ’ ಅಂದು ಫೋನಿಟ್ಟೆ. ನಿದ್ದೆ ಬರಲಿಲ್ಲ.

ನಮ್ಮ ಪಿ.ಜಿ.ಯಲ್ಲಿ ಆಗ ಅರ್ಧ ಕೋಣೆಗಳು ಖಾಲಿ. ಸಾಫ್ಟ್‌ವೇರ್ ಕಂಪನಿಯವರೆಲ್ಲ ಮನೆಯಿಂದಲೇ ಕೆಲಸ ಎಂದು ಊರಿಗೆ ಹೋಗಿದ್ದರು. ಹಾಗೆ ಹೋದ ರೂಮ್‌ಮೇಟ್ ಅಕ್ಕ ತನ್ನ ಸೈಕಲ್ಲಿನ ಕೀಲಿಯನ್ನು ನನಗೆ ಕೊಟ್ಟಿದ್ದಳು. ‘ತುಕ್ಕು ಹಿಡಿಯೋ ಬದಲು ನೀನೇ ಓಡಿಸು’ ಅಂದಿದ್ದಳು. ಎರಡು ತಿಂಗಳು ಮುಟ್ಟಿರಲಿಲ್ಲ. ಆ ವಾರ ಎಲ್ಲರ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲೂ ಗುಲಾಬಿ ಮರಗಳು. ‘ಕಬ್ಬನ್ ಪಾರ್ಕಿಗೆ ಬನ್ನಿ, ಬೆಂಗಳೂರಿನ ಚೆರ‍್ರಿ ಹೂ ನೋಡಿ’ ಎಂದು ಬರೆದುಕೊಂಡಿದ್ದರು. ಊರಿಗೆ ಹೋಗುವ ಮೊದಲು ಅದೊಂದನ್ನಾದರೂ ನೋಡಿಬಿಡೋಣ ಅನ್ನಿಸಿತು. ಬಸ್ಸಿನ ದುಡ್ಡೂ ಉಳಿಯುತ್ತಿತ್ತು.

ಸೈಕಲ್ ನನಗೆ ಹೊಸದಲ್ಲ. ಸರ್ಕಾರ 2006–07ರಲ್ಲಿ ಶುರು ಮಾಡಿದ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೇ ತರಗತಿಗೆ ನನಗೂ ಒಂದು ಸಿಕ್ಕಿತ್ತು. ತೋಟದಿಂದ ಶಾಲೆಗೆ, ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ, ಮೂರು ವರ್ಷ ಅದರ ಮೇಲೆಯೇ ಓಡಾಡಿದ್ದೆ. ಕಾಲೇಜು ಸೇರಿದ ಮೇಲೆ ‘ದೊಡ್ಡಾಕಿ ಆಗಿ, ಇನ್ನ ಸೈಕಲ್ ಯಾಕ’ ಎಂದು ಅವ್ವ ಅದನ್ನು ದನದ ಕೊಟ್ಟಿಗೆಗೆ ಒರಗಿಸಿದಳು. ಅಲ್ಲಿಗೆ ಮುಗಿದಿತ್ತು.

ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆ. ಹೊರವರ್ತುಲ ರಸ್ತೆಯ ಬದಿಯಲ್ಲಿ ಆಗ ಸೈಕಲ್‌ಗೆಂದೇ ಒಂದು ದಾರಿ ಇತ್ತು. ನಗರ ಭೂಸಾರಿಗೆ ನಿರ್ದೇಶನಾಲಯದ ಯೋಜನೆಯಲ್ಲಿ 2020ರಲ್ಲಿ ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡ್‌ವರೆಗೆ, ಸುಮಾರು 17 ಕಿ.ಮೀ. ಉದ್ದಕ್ಕೆ ರೂಪಿಸಿದ್ದು. ಹೊಸ ರಸ್ತೆಯನ್ನೇನೂ ಕಟ್ಟಿರಲಿಲ್ಲ. ಇದ್ದ ಡಾಂಬರಿನಲ್ಲೇ ಒಂದು ಪಟ್ಟಿಯನ್ನು ಬೇರೆ ಮಾಡಿ, ಅಂಚಿಗೆ ಸಾಲಾಗಿ ಗೂಟ ನೆಟ್ಟಿದ್ದರು. ಕೆಲವು ಗೂಟ ಆಗಲೇ ಮುರಿದಿದ್ದವು. ಅಲ್ಲಲ್ಲಿ ಬೈಕುಗಳೂ ನುಗ್ಗಿ ಬರುತ್ತಿದ್ದವು. ಆದರೂ ಗೂಟದ ಆ ಕಡೆ ಲಾರಿ, ಈ ಕಡೆ ನಾನು. ನಡುವೆ ಒಂದು ಗೆರೆ ಇದೆ ಎಂಬುದೇ ದೊಡ್ಡ ಧೈರ್ಯ. ಮೊದಲ ಹತ್ತು ನಿಮಿಷ ಹ್ಯಾಂಡಲ್ ಬಿಗಿಯಾಗಿ ಹಿಡಿದಿದ್ದೆ. ಆಮೇಲೆ ಕೈ ತಾನಾಗಿ ಸಡಿಲವಾಯಿತು. ಕಾಲುವೆ ದಂಡೆಯ ಮೇಲೆ ಸೈಕಲ್ ಹೊಡೆದ ಕಾಲುಗಳು ಏನನ್ನೂ ಮರೆತಿರಲಿಲ್ಲ.

ಮಾರತ್ತಹಳ್ಳಿಗೆ ನನ್ನ ಪಾಲಿನ ಸೈಕಲ್ ದಾರಿ ಮುಗಿಯಿತು. ಅದು ನೆಟ್ಟಗೆ ಸಿಲ್ಕ್ ಬೋರ್ಡಿನತ್ತ ಹೋಗುತ್ತಿತ್ತು, ನಾನು ಹಳೆಯ ವಿಮಾನ ನಿಲ್ದಾಣ ರಸ್ತೆಗೆ ತಿರುಗಬೇಕು. ಇನ್ನೂ ಹತ್ತು ಕಿ.ಮೀ.ಗೂ ಹೆಚ್ಚು ದೂರ, ಗೂಟವಿಲ್ಲ, ಗೆರೆಯಿಲ್ಲ. ಸೈಕಲ್ ಇಳಿದು ಐದು ನಿಮಿಷ ನಿಂತೆ. ವಾಪಸು ಹೋಗಿಬಿಡಲೇ ಅನ್ನಿಸಿತು. ವಾಪಸು ಹೋದರೆ ಕೋಣೆ, ಕೋಣೆಯಲ್ಲಿ ಕಟ್ಟಬೇಕಾದ ಬ್ಯಾಗು. ರಸ್ತೆಯ ಎಡ ಅಂಚು ಹಿಡಿದು ಹೊರಟೆ. ಎಚ್‌ಎಎಲ್ ಗೋಡೆಯುದ್ದಕ್ಕೂ ತಣ್ಣನೆಯ ಗಾಳಿ. ಮುರುಗೇಶಪಾಳ್ಯದಲ್ಲಿ ಒಂದು ಬಸ್ಸು ಹಿಂದಿನಿಂದ ಹಾರ್ನ್ ಹೊಡೆದ ರಭಸಕ್ಕೆ ಫುಟ್‌ಪಾತ್ ಏರಿ ಬಿದ್ದೆ. ಮೊಣಕೈ ತರಚಿತು. ಹಾಲಿನ ಬೂತಿನವರು ನೀರು ಕೊಟ್ಟು, ‘ಎಲ್ಲಿಗಮ್ಮ ಇಷ್ಟು ಬೆಳಿಗ್ಗೆ?’ ಅಂದರು. ‘ಹೂ ನೋಡೋದಕ್ಕೆ’ ಅಂದೆ. ಅವರು ನಕ್ಕರು, ನಾನೂ ನಕ್ಕೆ. ದೊಮ್ಮಲೂರು, ಟ್ರಿನಿಟಿ ವೃತ್ತ, ಎಂ.ಜಿ. ರಸ್ತೆ ದಾಟಿ ಕಬ್ಬನ್ ಪಾರ್ಕ್ ಮುಟ್ಟಿದಾಗ ಏಳೂವರೆ.

ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಒಳಗಿನ ರಸ್ತೆಗಳೆಲ್ಲ ನಡೆಯುವವರಿಗೆ, ಮಕ್ಕಳಿಗೆ, ಸೈಕಲ್‌ಗಳಿಗೆ. ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದ ಬಳಿ ಮೊದಲ ಮರ ಕಂಡಿತು. ಒಂದೂ ಎಲೆಯಿಲ್ಲ. ಕೊಂಬೆಕೊಂಬೆಗೂ ತಿಳಿಗುಲಾಬಿ ಗೊಂಚಲು. ಕೆಳಗೆ ಮಣ್ಣು ಕಾಣದಷ್ಟು ಉದುರಿದ ಹೂ. ಸೈಕಲ್ ಮಲಗಿಸಿ ಅದರ ಪಕ್ಕದಲ್ಲೇ ಕುಳಿತೆ. ಎರಡು ತಿಂಗಳಲ್ಲಿ ಮೊದಲ ಸಲ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ‘ಹೂ ನೋಡಾಕ ಅಷ್ಟ ದೂರ ಸೈಕಲ್ ಹೊಡಕೊಂಡ ಹೋಗಿದ್ದೇನವ್ವಾ?’ ಅಂದ. ಸ್ವಲ್ಪ ಹೊತ್ತು ಮರ ನೋಡಿದ. ‘ಚಂದ ಐತಿ’ ಅನ್ನಲಿಲ್ಲ. ‘ಇದಕ್ಕ ನೀರ ಯಾರ ಬಿಡತಾರ?’ ಅಂತ ಕೇಳಿದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋಣೆಗೆ ಬಂದವಳೇ ಹುಡುಕಲು ಕುಳಿತೆ.

ಅದು ಚೆರ‍್ರಿಯೇ ಅಲ್ಲ, ಟಬೂಬಿಯ ರೋಸಿಯಾ. ನಮ್ಮ ಆಕಾಶಮಲ್ಲಿಗೆಯ ಕುಟುಂಬಕ್ಕೆ ಸೇರಿದ್ದು. ಮೂಲ ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗಿನ ನಾಡು, ಎಲ್ ಸಾಲ್ವಡಾರ್ ದೇಶಕ್ಕೆ ಅದೇ ರಾಷ್ಟ್ರೀಯ ಮರ. ಒಣ ದಿನಗಳಲ್ಲಿ ಎಲೆ ಉದುರಿಸಿ ಹೂ ಬಿಡುತ್ತದೆ. ಬೇರೂರಿದ ಮೇಲೆ ಅದಕ್ಕೆ ಯಾರೂ ನೀರು ಬಿಡಬೇಕಿಲ್ಲ. ಹೋಳಿಗೆ ಬಣ್ಣ ಕುದಿಸಲು ನಾವು ತರುವ ಮುತ್ತಲ ಹೂವೂ ಹೀಗೇ, ಬರಿಗೊಂಬೆಯ ಮೇಲೆ, ಬಿಸಿಲು ಏರುವಾಗಲೇ ಅರಳುವಂಥದ್ದು.

ಹಾಗಾದರೆ ನೆಟ್ಟವರು ಯಾರು? ಬೆಂಗಳೂರಿನಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುತ್ತಲೇ ಇರಬೇಕು ಎಂದು ಲೆಕ್ಕ ಹಾಕಿ ಸಸಿ ನೆಡಿಸಿದವರು ಜರ್ಮನಿಯ ಜಿ.ಎಚ್. ಕ್ರುಂಬಿಗಲ್. 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡವರು. ಟಬೂಬಿಯ ಮುಗಿಯುವಾಗ ನೀಲಿ ಜಕರಂಡ, ಆಮೇಲೆ ಕೆಂಪು ಗುಲ್‌ಮೊಹರ್ ಎಂಬ ಸರದಿಯ ಹಿಂದೆ ಇರುವುದು ಅದೇ ಲೆಕ್ಕ. ಅವರಾದ ಅರ್ಧ ಶತಮಾನಕ್ಕೆ, 1980ರ ದಶಕದಲ್ಲಿ, ನಗರದ ಬೀದಿಬೀದಿಯಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. ಹೆಸರು ಓದಿ ಎದ್ದು ಕುಳಿತೆ. ನೇಗಿನಹಾಳ ನಮ್ಮ ಬೆಳಗಾವಿ ಜಿಲ್ಲೆಯ ಒಂದು ಊರು! ಅಷ್ಟು ದೊಡ್ಡ ಊರಿನಲ್ಲಿ ನಮ್ಮ ಕಡೆಯ ಒಂದು ಹೆಸರು ಮರವಾಗಿ ನಿಂತಿದೆ ಅನ್ನಿಸಿ, ಯಾಕೋ ಬೆಂಗಳೂರು ಸ್ವಲ್ಪ ನನ್ನದೂ ಅನ್ನಿಸಿತು.

ಆ ರಾತ್ರಿ ಅಪ್ಪನಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ಕೊನೆಗೆ, ಹಗಲೆಲ್ಲ ಮರದಡಿ ಕುಳಿತು ಕೂಡಿಸಿಕೊಂಡಿದ್ದ ಮಾತನ್ನೂ ಆಡಿಬಿಟ್ಟೆ. ‘ಅಪ್ಪಾ, ಯುಗಾದಿಗಿ ಬರ್ತೀನಿ. ಆದ್ರ ನೋಡಾಕ ಬರೋದ ಬ್ಯಾಡ. ನನಗ ಒಂದ ವರ್ಷ ಕೊಡ.’ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ‘ಗಿಡಾ ಹಚ್ಚಿದಾಂವ ಮರದಿನಾ ಬಂದ ಹೂವ ಬಿಟ್ಟೈತೇನ ಅಂತ ನೋಡಿರಾಕಿಲ್ಲ ಬಿಡ’ ಅಂದ. ಅಷ್ಟೇ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಯುಗಾದಿಗೆ ಊರಿಗೆ ಹೋದಾಗ ಮನೆಗೆ ಯಾರೂ ಬರಲಿಲ್ಲ. ಅವ್ವ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಏಪ್ರಿಲ್ ಕೊನೆಗೆ ಮತ್ತೆ ಲಾಕ್‌ಡೌನ್ ಆಯಿತು. ಊರಲ್ಲೇ ಉಳಿದೆ. ಎಸ್.ಜಿ. ನೇಗಿನಹಾಳ ಅವರು ಮೇ ತಿಂಗಳಲ್ಲಿ ತೀರಿಕೊಂಡ ಸುದ್ದಿ ಓದಿದ್ದು ತೋಟದ ಮನೆಯ ಕಟ್ಟೆಯ ಮೇಲೆ. ಅಪ್ಪನಿಗೆ ತೋರಿಸಿದೆ. ಓದಿ, ಪೇಪರ್ ಮಡಚಿ ಇಟ್ಟುಕೊಂಡ. ಕೊಟ್ಟಿಗೆಯ ಸೈಕಲ್ಲನ್ನು ಹೊರಗೆ ತೆಗೆದು, ಟ್ಯೂಬು ಬದಲಿಸಿ ಕೊಟ್ಟವನೂ ಅವನೇ. ದಿನಾ ಸಂಜೆ ಕಾಲುವೆ ದಂಡೆಯ ಮೇಲೆ ಸೈಕಲ್ ಹೊಡೆಯುತ್ತ ‘ನನ್ನ ಬಗ್ಗೆ’ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಕೇಳಲು ಕಬ್ಬು ಬಿಟ್ಟರೆ ಯಾರೂ ಇರಲಿಲ್ಲ. ಎಂಟನೇ ಸಂದರ್ಶನ ಆನ್‌ಲೈನ್‌ನಲ್ಲಿ ನಡೆಯಿತು. ಅಕ್ಟೋಬರ್‌ನಲ್ಲಿ ಒಂದು ಸಣ್ಣ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತು. ಸಂಬಳ ದೊಡ್ಡದಲ್ಲ. ಪಿ.ಜಿ. ಬಾಡಿಗೆ ಕಟ್ಟಿ ಮನೆಗೂ ಸ್ವಲ್ಪ ಕಳಿಸುವಷ್ಟು.

ಹೊರವರ್ತುಲ ರಸ್ತೆಯ ಆ ಸೈಕಲ್ ದಾರಿ ಉಳಿಯಲಿಲ್ಲ. ಮೆಟ್ರೊ ಕಾಮಗಾರಿ ಬಂತು, ಗೂಟಗಳು ಹೋದವು. ಈಗ ಅಲ್ಲಿ ಸೈಕಲ್ ತುಳಿಯಲು ನನಗೂ ಧೈರ್ಯವಿಲ್ಲ. ನನ್ನನ್ನು ಮನೆಯಿಂದ ಹೊರಡಿಸಿದ್ದು ಆ ಮೂರ್ನಾಲ್ಕು ಕಿ.ಮೀ. ಮಾತ್ರ. ಅದಿಲ್ಲದಿದ್ದರೆ ಆ ಬೆಳಿಗ್ಗೆ ಪಿ.ಜಿ. ಗೇಟು ದಾಟುತ್ತಿರಲಿಲ್ಲ. ನಮ್ಮೂರುಗಳಲ್ಲೂ ಶಾಲೆಯ ದಾರಿಯ ಅಂಚಿಗೆ ಅಂಥದೊಂದು ಪಟ್ಟಿ ಇದ್ದರೆ, ಎಷ್ಟು ಹುಡುಗಿಯರ ಸೈಕಲ್ ಕೊಟ್ಟಿಗೆ ಸೇರದೆ ಉಳಿದೀತು ಎಂದು ಯೋಚಿಸುತ್ತೇನೆ.

ಹೋಗುವವರಿದ್ದರೆ ಫೆಬ್ರುವರಿ ಕೊನೆ, ಮಾರ್ಚ್ ಆರಂಭದ ಒಂದು ಭಾನುವಾರ ಹೋಗಿ. ಬಿಸಿಲೇರುವ ಮುಂಚೆ, ಎಂಟರೊಳಗೆ. ನಗರದೊಳಗೇ ಇರುವವರು ಸೈಕಲ್ಲಿನಲ್ಲಿ ಹೋಗಿ, ದೂರದವರು ಮೆಟ್ರೊ ಹಿಡಿಯಿರಿ. ಕೊಂಬೆ ಜಗ್ಗಬೇಡಿ, ಬಿದ್ದ ಹೂವೇ ಬೇಕಾದಷ್ಟು ಸಿಗುತ್ತದೆ.

ಅಪ್ಪ ಒಮ್ಮೆ ಬೆಂಗಳೂರಿಗೆ ಬಂದಿದ್ದ. ಅದೇ ಮರದಡಿ ಕರೆದುಕೊಂಡು ಹೋದೆ. ಕಾಂಡ ಮುಟ್ಟಿ ನೋಡಿ, ಸುತ್ತ ಒಂದು ಸಲ ತಿರುಗಿ, ಬಿದ್ದಿದ್ದ ಒಣ ಕಾಯೊಂದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ‘ಯಾಕಪ್ಪಾ?’ ಅಂದೆ.

‘ಬಾಂವಿ ಹಂತ್ಯಾಕ ಒಂದೀಟ ಜಾಗಾ ಐತಿ’ ಅಂದ.