ಐವರು ಸದಸ್ಯೆಯರು, ಒಂದೇ ಮತ

ಹೈದರಾಬಾದಿನ ನಮ್ಮ ಆಫೀಸಿಗೆ ಸಂಜೆಯಾದರೆ ಅಮೆರಿಕದ ಕಾಲ್‌ಗಳು ಶುರು. 2022ರ ಜೂನ್ 24, ಶುಕ್ರವಾರ. ಸೌತ್ ಕ್ಯಾರೊಲಿನಾದ ನಮ್ಮ ಟೀಮ್ ಲೀಡ್ ಅಂದು ಹೆಚ್ಚು ಮಾತಾಡಲಿಲ್ಲ. ಆಕೆಗೆ ಹತ್ತೊಂಬತ್ತರ ಮಗಳಿದ್ದಾಳೆ. ಗರ್ಭಪಾತಕ್ಕೆ 1973ರಿಂದ ಇದ್ದ ಸಾಂವಿಧಾನಿಕ ರಕ್ಷಣೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ಆಗಷ್ಟೇ ತೆಗೆದುಹಾಕಿ, ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತ್ತು.

ಆ ರಾಜ್ಯದ ಸೆನೆಟ್‌ನಲ್ಲಿ 46 ಸದಸ್ಯರು. 2023ರಲ್ಲಿ ಅವರಲ್ಲಿ ಮಹಿಳೆಯರು ಐವರೇ ಇದ್ದರು: ಮೂವರು ರಿಪಬ್ಲಿಕನ್, ಒಬ್ಬರು ಡೆಮಾಕ್ರಟ್, ಒಬ್ಬರು ಪಕ್ಷೇತರ. ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸುವ ಮಸೂದೆ ಬಂದಾಗ ಐವರೂ ಪಕ್ಷ ಮರೆತು ಒಂದಾದರು. ಗಂಟೆಗಟ್ಟಲೆ ಮಾತಾಡಿ ತಡೆದರು. ಕೆಲವು ಪುರುಷ ಸದಸ್ಯರೂ ಜತೆಗೂಡಿದರು. 2023ರ ಏಪ್ರಿಲ್ 27ರಂದು ಮಸೂದೆ 22–21ರಲ್ಲಿ, ಒಂದೇ ಮತದ ಅಂತರದಲ್ಲಿ ನಿಂತುಹೋಯಿತು.

ಹೆಣ್ಣಾದವರೆಲ್ಲ ಹೀಗೇ ಯೋಚಿಸುತ್ತಾರೆಂದು ಹೇಳಲಾಗದು. 2022ರ ತೀರ್ಪಿನ ಬಹುಮತದಲ್ಲಿ ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಕೂಡ ಇದ್ದರು. ಈ ಮೂವರು ರಿಪಬ್ಲಿಕನ್ ಸದಸ್ಯೆಯರೂ ಗರ್ಭಪಾತಕ್ಕೆ ಮಿತಿಯೇ ಬೇಡ ಎಂದವರಲ್ಲ. ಪೂರ್ತಿ ಬಾಗಿಲು ಹಾಕುವುದು ಮಾತ್ರ ಅವರಿಗೆ ಒಪ್ಪಿಗೆಯಾಗಲಿಲ್ಲ.

ಕೋರ್ಟಿನಲ್ಲೂ ಅದೇ ಕಥೆ. 2023ರ ಜನವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆರು ವಾರಗಳ ನಿಷೇಧವನ್ನು 3–2ರಿಂದ ರದ್ದು ಮಾಡಿತು. ಮುಖ್ಯ ತೀರ್ಪು ಬರೆದ ಕೇ ಹರ್ನ್ ಆ ಪೀಠದ ಏಕೈಕ ಮಹಿಳೆ. ಅವರು ನಿವೃತ್ತರಾದರು, ಶಾಸಕರು ಆ ಜಾಗಕ್ಕೆ ಪುರುಷರೊಬ್ಬರನ್ನು ಆರಿಸಿದರು. ಐವರು ಸದಸ್ಯೆಯರ ವಿರೋಧದ ನಡುವೆಯೇ ಮೇ ತಿಂಗಳಲ್ಲಿ ಆರು ವಾರಗಳ ಹೊಸ ಕಾನೂನು ಬಂತು. ಆಗಸ್ಟ್‌ನಲ್ಲಿ ಪುರುಷರೇ ತುಂಬಿದ ಪೀಠ ಅದನ್ನು 4–1ರಿಂದ ಎತ್ತಿಹಿಡಿಯಿತು.

ಐವರಿಗೂ ಕೆನಡಿ ಹೆಸರಿನ ಧೈರ್ಯ ಪ್ರಶಸ್ತಿ ಸಿಕ್ಕಿತು. ಟಿಕೆಟ್ ಸಿಗಲಿಲ್ಲ: 2024ರ ಜೂನ್‌ನಲ್ಲಿ ಪಕ್ಷದೊಳಗಿನ ಚುನಾವಣೆಯಲ್ಲಿ ಮೂವರು ರಿಪಬ್ಲಿಕನ್ನರೂ ಸೋತರು.

ನಮ್ಮಲ್ಲಿ 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಅವಿವಾಹಿತೆಯರಿಗೂ 24 ವಾರಗಳವರೆಗಿನ ಅವಕಾಶವನ್ನು ಕಾನೂನಿನ ಚೌಕಟ್ಟಿನೊಳಗೆ ತೆರೆಯಿತು. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರಿರಬೇಕು, ಹಣವಿರಬೇಕು. ಅದನ್ನು ಕೇಳಬೇಕಾದ ಜಾಗ ವಿಧಾನಸಭೆ. 2023ರಲ್ಲಿ ಕರ್ನಾಟಕದ 224 ಕ್ಷೇತ್ರಗಳಿಂದ ಗೆದ್ದ ಮಹಿಳೆಯರು 10 ಮಂದಿ.

ಮತ ಹಾಕಲು ರಾತ್ರಿ ಬಸ್ ಹತ್ತಿ ಊರಿಗೆ ಹೋಗುವವರು ನಾವು. ಮುಂದಿನ ಸಲ ಹೋದಾಗ ಅಭ್ಯರ್ಥಿಗಳ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟಿದೆ ಎಂದು ಎಣಿಸೋಣ. ಕಡಿಮೆಯಿದ್ದರೆ, ಮನೆಗೆ ಮತ ಕೇಳಲು ಬಂದವರನ್ನು ಕಾರಣ ಕೇಳೋಣ.