ಬೇಸಿಗೆ ರಾತ್ರಿಗೆ ಒಲೆ ಹಚ್ಚದ ಊಟ

ರೋಣ, ನರಗುಂದ, ಗಜೇಂದ್ರಗಡದ ಕಡೆ ಏಪ್ರಿಲ್‌ನಲ್ಲಿ ಹೊತ್ತು ಮುಳುಗಿದರೂ ಅಡುಗೆಮನೆ ಕಾದೇ ಇರತೈತಿ. ಹೊಲದಿಂದ ಬಂದ ನಾವು ಕಟ್ಟೆ ಮೇಲೆ ಗಾಳಿಗೆ ಕೂಡತೀವಿ, ಅವ್ವ ಮಾತ್ರ ಒಲೆ ಮುಂದ. ಅದಕ್ಕೇ ನಮ್ಮ ಮನೆಯಲ್ಲಿ ಬೇಸಿಗೆಯ ರಾತ್ರಿ ಒಲೆ ಹಚ್ಚೋದು ಬಿಟ್ಟೀವಿ.

ಉಪಾಯ ಹಳೇದು: ಕಡಕ್ ರೊಟ್ಟಿ. ವಾರಕ್ಕೊಮ್ಮೆ ನಸುಕಿನ ತಂಪಿನಲ್ಲಿ ಜೋಳದ ರೊಟ್ಟಿ ತೆಳ್ಳಗೆ ಬಡಿದು, ಬೇಯಿಸಿ, ಪೂರ್ತಿ ಒಣಗಿಸಿ ಇಡ್ರಿ. ನೀರಿನಂಶ ಹೋಗಿರೋದರಿಂದ ಬೂಷ್ಟು ಬರಲ್ಲ.

ಜೊತೆಗೆ ಮೊಳಕೆ ಹೆಸರು. ನಾಲ್ಕು ಮಂದಿಗೆ ಒಂದು ವಾಟಗ ಕಾಳು ಸಾಕು. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಈ ಸೆಕೆಗೆ ಸಂಜೆಗೇ ಮೊಳಕೆ ಒಡೀತದ. ಚೆನ್ನಾಗಿ ತೊಳೆದು ಉಳ್ಳಾಗಡ್ಡಿ, ಸವತಿಕಾಯಿ, ನಿಂಬೆರಸ, ಉಪ್ಪು ಬೆರೆಸ್ರಿ. ಮೊಸರು, ಶೇಂಗಾ ಚಟ್ನಿ ಇದ್ದರೆ ಊಟ ಆಯ್ತು.

ಎಚ್ಚರ:

- ಬಿತ್ತನೆಗೆ ಔಷಧ ಹಚ್ಚಿದ ಕಾಳು ಬೇಡವೇ ಬೇಡ. ತೊಳೆದರೂ ವಿಷ ಹೋಗಲ್ಲ.
- ಮೊಳಕೆ ಲೋಳೆಯಾದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಉಳಿಸಿ ಮರುದಿನ ತಿನ್ನಬೇಡಿ.
- ಬಸುರಿಯರು, ಸಣ್ಣ ಮಕ್ಕಳು, ವಯಸ್ಸಾದವರಿಗೆ ಹಸಿ ಮೊಳಕೆ ಬೇಡ. ಅವರಿಗೆ ರೊಟ್ಟಿ, ಮೊಸರು, ಚಟ್ನಿ ಸಾಕು.

ಮುಂಗಾರಿನ ಹೆಸರು ಎಲ್ಲಾ ಮಾರಿ, ಬೇಸಿಗೆಗೆ ಅಂಗಡಿಯಿಂದ ತರಬೇಡ್ರಿ. ಹತ್ತು ಕಿಲೋ ಮನೆಗಂತ ಮೊದಲೇ ತೆಗೆದಿಡ್ರಿ.